ಒಂದು ವಯರು, ಎರಡು ಪರದೆ, ನಮ್ಮದೊಂದು ಮೇಜು

(ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಲ್ಯಾಪ್‌ಟಾಪಿಗೆ ಎರಡು ಮಾನಿಟರ್ ಜೋಡಿಸುವುದು ಹೇಗೆ ಅಂತ ಮಾತಾಡಿ ಎಂದು ಕಾರ್ಯದರ್ಶಿಯವರು ಕೇಳಿದಾಗ, “ಇದು ಮಹಿಳಾ ವಿಭಾಗದ ವಿಷಯವೇನ್ರೀ?” ಅಂದೆ. “ನಮ್ಮಲ್ಲಿ ಎಷ್ಟು ಜನ ಮನೆಯಲ್ಲೇ ಕೂತು ಕೆಲಸ ಮಾಡ್ತಾರೆ ಲೆಕ್ಕ ಹಾಕಿ ನೋಡಿ” ಅಂದರು ಅವರು. ಲೆಕ್ಕ ಹಾಕಿದೆ. ಅಂಗಡಿಗಳ ಜಿಎಸ್‌ಟಿ ರಿಟರ್ನ್ ತುಂಬುವವರಿದ್ದಾರೆ, ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡುವವರಿದ್ದಾರೆ, ಆನ್‌ಲೈನಿನಲ್ಲಿ ಗಣಿತದ ಟ್ಯೂಷನ್ ಹೇಳುವವರಿದ್ದಾರೆ, ವಾರಕ್ಕೆ ಮೂರು ದಿನ ಮನೆಯಿಂದ ಆಫೀಸು ಮಾಡುವ ಸಾಫ್ಟ್‌ವೇರಿನವರಂತೂ ಇದ್ದೇ ಇದ್ದಾರೆ. ಇವರಲ್ಲಿ ಬಹಳ ಜನ ಹದಿಮೂರು ಹದಿನಾಲ್ಕು ಇಂಚಿನ ಪರದೆಯ ಮೇಲೆ ಕತ್ತು ಬಗ್ಗಿಸಿಕೊಂಡೇ ದಿನ ಕಳೆಯುತ್ತಾರೆ. ಹಾಗಾಗಿ ಒಪ್ಪಿಕೊಂಡೆ.

ಎರಡು ಪರದೆ ಶೋಕಿಯಲ್ಲ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಜಿಎಸ್‌ಟಿ ಕೆಲಸ ಮಾಡುವವರು ಪ್ರತಿ ತಿಂಗಳೂ ಪೋರ್ಟಲಿನ ಜಿಎಸ್‌ಟಿಆರ್-2ಬಿ ಪಟ್ಟಿಯನ್ನೂ ಅಂಗಡಿಯ ಖರೀದಿ ಪುಸ್ತಕವನ್ನೂ ಸಾಲು ಸಾಲಾಗಿ ತಾಳೆ ನೋಡಬೇಕು. ಒಂದೇ ಪರದೆಯಿದ್ದರೆ ಆ ಕಿಟಕಿಗೆ ಹೋಗಿ, ಅಂಕಿ ತಲೆಯಲ್ಲಿಟ್ಟುಕೊಂಡು, ಈ ಕಿಟಕಿಗೆ ಬಂದು ನೋಡಬೇಕು. ನಡುವೆ ಕುಕ್ಕರ್ ಕೂಗಿದರೆ ಅಂಕಿ ಹೋಯಿತು, ಮತ್ತೆ ಹಿಂದಕ್ಕೆ. ಎರಡೂ ಪಟ್ಟಿ ಅಕ್ಕಪಕ್ಕ ತೆರೆದಿದ್ದರೆ ಕಣ್ಣೇ ತಾಳೆ ನೋಡುತ್ತದೆ. ಅನುವಾದಕ್ಕೂ ಹೀಗೆಯೇ, ಮೂಲ ಒಂದು ಕಡೆ, ಬರೆಯುವುದು ಇನ್ನೊಂದು ಕಡೆ. ಟ್ಯೂಷನ್ ಹೇಳುವವರಿಗೆ ಪಾಠ ಒಂದರಲ್ಲಿ, ಮಕ್ಕಳ ಮುಖ ಇನ್ನೊಂದರಲ್ಲಿ. ಯಾರು ಆಕಳಿಸುತ್ತಿದ್ದಾರೆ ಅಂತ ಕಾಣದೆ ಪಾಠ ಹೇಳುವುದು ಎಷ್ಟು ಕಷ್ಟ ಅಂತ ಶಿಕ್ಷಕಿಯರಿಗೆ ಗೊತ್ತು.

ಇನ್ನೊಂದು ವಿಷಯ ಇದೆ, ನನಗೆ ಅದೇ ದೊಡ್ಡದು. ಈ ಊರಿನ ಮನೆಗಳು ನಿಮಗೆ ಗೊತ್ತಿರುವಂಥವೇ. ಒಂದು ಬೆಡ್‌ರೂಮು, ಒಂದು ಹಾಲು. ಮಗನ ಪರೀಕ್ಷೆಗೆ ಅಂತ ಒಂದು ಮೇಜು ಬರುತ್ತದೆ, ಯಜಮಾನರ ಮೀಟಿಂಗಿಗೆ ಅಂತ ಬೆಡ್‌ರೂಮಿನ ಬಾಗಿಲು ಮುಚ್ಚುತ್ತದೆ. ಮನೆಯಾಕೆಯ ಲ್ಯಾಪ್‌ಟಾಪಿಗೆ ಮಾತ್ರ ಸ್ವಂತ ಜಾಗ ಇರುವುದಿಲ್ಲ. ಬೆಳಿಗ್ಗೆ ಊಟದ ಮೇಜು, ಮಧ್ಯಾಹ್ನ ತಟ್ಟೆ ಇಡುವ ಹೊತ್ತಿಗೆ ಮಂಚ, ಸಂಜೆ ಅಡುಗೆ ಕಟ್ಟೆಯ ಮೂಲೆ. ಮಾನಿಟರ್ ತಂದರೂ ಅದರ ವಯರು, ಕೀಬೋರ್ಡಿನ ವಯರು, ಮೌಸು, ಚಾರ್ಜರು, ಇಂಟರ್ನೆಟ್ಟಿನ ವಯರು ದಿನಕ್ಕೆ ಮೂರು ಸಲ ಬಿಚ್ಚಿ ಮೂರು ಸಲ ಸಿಕ್ಕಿಸುವುದು ಯಾರಿಗೆ ಸಾಧ್ಯ? ವಾರದೊಳಗೆ ಮಾನಿಟರ್ ಗೋಡೆಗೆ ಮುಖ ಮಾಡಿ ನಿಲ್ಲುತ್ತದೆ.

ಡಾಕ್ ಬೇಕಾಗುವುದು ಇಲ್ಲಿ. ಮುಂಬಯಿಯವರಿಗೆ ಡಾಕ್ ಹೊಸ ಮಾತಲ್ಲ, ಹಾರ್ಬರ್ ಲೈನಿನಲ್ಲಿ ಡಾಕ್‌ಯಾರ್ಡ್ ರೋಡ್ ಅಂತ ಸ್ಟೇಷನ್ನೇ ಇದೆ. ಮಂಗಳೂರು ಕಡೆಯವರು ಧಕ್ಕೆ ಅನ್ನುತ್ತೀರಿ. ದೋಣಿ ಬಂದು ಧಕ್ಕೆಗೆ ತಾಗಿ ನಿಲ್ಲುತ್ತದೆ, ಸಾಮಾನು ಇಳಿಸುತ್ತದೆ, ಹತ್ತಿಸಿಕೊಳ್ಳುತ್ತದೆ, ಹೋಗುತ್ತದೆ. ಧಕ್ಕೆ ಅಲ್ಲೇ ಇರುತ್ತದೆ. ಲ್ಯಾಪ್‌ಟಾಪು ದೋಣಿ. ಮಾನಿಟರ್, ಕೀಬೋರ್ಡು, ಮೌಸು, ಚಾರ್ಜರು ಎಲ್ಲ ಡಾಕಿಗೆ ಸಿಕ್ಕಿಸಿಯೇ ಇರುತ್ತವೆ. ಲ್ಯಾಪ್‌ಟಾಪಿಗೆ ಬರುವುದು ಒಂದೇ ವಯರು. ಎದ್ದು ಹೋಗುವಾಗ ಅದೊಂದನ್ನು ಕಿತ್ತರಾಯಿತು. ಬಾಲ್ಕನಿಯ ಪಕ್ಕದ ಎರಡೂವರೆ ಅಡಿ ಜಾಗವೇ ಆಗಿರಲಿ, ಅಲ್ಲೊಂದು ಧಕ್ಕೆ ಕಟ್ಟಿದರೆ ಅದು ಮೂರು ಹೊತ್ತೂ ನಿಮ್ಮದಾಗಿ ಇರುತ್ತದೆ. ಅದರ ಮೇಲೆ ಯಾರೂ ಇಸ್ತ್ರಿ ಬಟ್ಟೆ ಇಡುವುದಿಲ್ಲ. ಇಡುತ್ತಾರೆ, ಆದರೆ ನೀವು ತೆಗೆಯಿರಿ ಅನ್ನಬಹುದು.

ಈಗ ಕೊಳ್ಳುವ ಮಾತು. ತಪ್ಪು ಡಾಕ್ ತಂದರೆ ದುಡ್ಡು ಹೋಗುವುದು ಒಂದು ನಷ್ಟ. “ನಾನು ಆಗಲೇ ಹೇಳಿದ್ದೆ, ಇದೆಲ್ಲ ಬೇಡ ಅಂತ” ಅನ್ನುವ ಮಾತು ಮನೆಯಲ್ಲಿ ಬರುತ್ತದಲ್ಲ, ಅದು ಎರಡನೇ ನಷ್ಟ. ಒಮ್ಮೆ ಹಾಗಾದ ಮೇಲೆ ಎರಡನೇ ಸಲ ಕೇಳಲು ಬಾಯಿ ಬರುವುದಿಲ್ಲ. ನನಗೆ ಗೊತ್ತಿರುವ ಒಬ್ಬ ಅನುವಾದಕಿ ಮ್ಯಾಕ್‌ಬುಕ್ ಏರ್ ಇಟ್ಟುಕೊಂಡವರು. ಎರಡು ಎಚ್‌ಡಿಎಂಐ ಕಿಂಡಿ ಇರುವ ಹಬ್ ತಂದರು, ಎರಡು ಮಾನಿಟರ್ ಸಿಕ್ಕಿಸಿದರು. ಎರಡರಲ್ಲೂ ಒಂದೇ ಚಿತ್ರ ಬಂತು! ಹಬ್ ಕೆಟ್ಟಿದೆ ಅಂತ ಬದಲಾಯಿಸಿಕೊಂಡು ಬಂದರು. ಮತ್ತೆ ಅದೇ. ಆ ಹಬ್ ಕೆಟ್ಟಿರಲೇ ಇಲ್ಲ. ಆ ಮ್ಯಾಕಿನಿಂದ ಅದು ಸಾಧ್ಯವಿರಲಿಲ್ಲ, ಅಷ್ಟೇ. ಅಂಗಡಿಯವನಿಗೂ ಗೊತ್ತಿರಲಿಲ್ಲ. ಆ ಹಬ್ ಮೂರು ತಿಂಗಳು ಕಪಾಟಿನಲ್ಲಿತ್ತು, ಒಂದು ಮಾನಿಟರ್ ತಂಗಿಯ ಮನೆಗೆ ಹೋಯಿತು. ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಅನ್ನುವುದನ್ನು ಮೊದಲೇ ತಿಳಿಯುವುದು ಹೇಗೆ ಅಂತ ಹೇಳುವುದೇ ಇವತ್ತಿನ ನನ್ನ ಕೆಲಸ.

ಮೊದಲು ನಿಮ್ಮ ಲ್ಯಾಪ್‌ಟಾಪನ್ನು ಎತ್ತಿ ಎರಡೂ ಪಕ್ಕ ನೋಡಿ. ಅಗಲವಾದ, ಕೆಳಗಿನ ಎರಡು ಮೂಲೆ ಕತ್ತರಿಸಿದಂತಿರುವ ಕಿಂಡಿ ಎಚ್‌ಡಿಎಂಐ, ಟಿವಿಯ ಹಿಂದೆ ಇರುವಂಥದೇ. ಹಳೆಯ ಪೆನ್‌ಡ್ರೈವ್ ಹೋಗುವ ಚೌಕ ಕಿಂಡಿ ಯುಎಸ್‌ಬಿ-ಎ. ಈಗಿನ ಮೊಬೈಲ್ ಚಾರ್ಜರಿನಂತೆ ಸಣ್ಣಗೆ, ಎರಡೂ ತುದಿ ದುಂಡಗೆ ಇರುವುದು ಯುಎಸ್‌ಬಿ-ಸಿ. ಎಚ್‌ಡಿಎಂಐ ಒಂದು, ಚಿತ್ರ ಕಳಿಸಬಲ್ಲ ಸಿ ಒಂದು ಇದ್ದರೆ ನಿಮಗೆ ಎರಡು ಮಾನಿಟರಿಗೆ ಡಾಕೇ ಬೇಕಾಗಲಿಕ್ಕಿಲ್ಲ. ಒಂದು ಮಾನಿಟರ್ ನೇರ ಎಚ್‌ಡಿಎಂಐಗೆ, ಇನ್ನೊಂದು ಕೆಲವು ನೂರು ರೂಪಾಯಿಯ ಸಿ-ಯಿಂದ-ಎಚ್‌ಡಿಎಂಐ ತುಂಡಿನ ಮೂಲಕ. ದಿನವೂ ಜಾಗ ಬದಲಿಸುವ ಅಗತ್ಯ ಇಲ್ಲದವರಿಗೆ ನಾನು ಇದನ್ನೇ ಹೇಳುವುದು. ಮಾರುವವರು ಇದನ್ನು ಹೇಳುವುದಿಲ್ಲ.

ಈಗ ಆ ಸಿ ಕಿಂಡಿಯ ವಿಷಯ. ಗೊಂದಲವೆಲ್ಲ ಇರುವುದು ಇಲ್ಲೇ. ಯುಎಸ್‌ಬಿ-ಸಿ ಬಂದದ್ದು 2014ರಲ್ಲಿ. ಅದು ಒಂದು ಆಕಾರದ ಹೆಸರು, ಕೆಲಸದ ಹೆಸರಲ್ಲ. ಸ್ಟೀಲ್ ಡಬ್ಬಿಯ ಹಾಗೆ. ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ಆರು ಡಬ್ಬಿ ಒಂದೇ ಥರ ಇರುತ್ತವೆ, ಒಂದರಲ್ಲಿ ತೊಗರಿಬೇಳೆ, ಇನ್ನೊಂದರಲ್ಲಿ ಬೆಲ್ಲ. ಮುಚ್ಚಳ ತೆಗೆದೇ ನೋಡಬೇಕು. ಕೆಲವು ಸಿ ಕಿಂಡಿಗಳು ಬರೀ ಫೈಲು ಸಾಗಿಸುತ್ತವೆ. ಕೆಲವು ಅದರ ಜೊತೆಗೆ ಲ್ಯಾಪ್‌ಟಾಪಿಗೆ ಚಾರ್ಜ್ ತೆಗೆದುಕೊಳ್ಳುತ್ತವೆ. ಕೆಲವು ಮಾತ್ರ ಚಿತ್ರವನ್ನೂ ಹೊರಗೆ ಕಳಿಸುತ್ತವೆ. ಈ ಚಿತ್ರ ಕಳಿಸುವ ಶಕ್ತಿಗೆ ಡಿಸ್‌ಪ್ಲೇ ಪೋರ್ಟ್ ಆಲ್ಟ್ ಮೋಡ್ ಅನ್ನುತ್ತಾರೆ. ಈ ಹೆಸರು ಬರೆದಿಟ್ಟುಕೊಳ್ಳಿ, ಅಂಗಡಿಯಲ್ಲಿ ಬೇಕಾಗುತ್ತದೆ. ಇದು ಇಲ್ಲದ ಕಿಂಡಿಗೆ ನೀವು ಎಷ್ಟು ಬೆಲೆಯ ಸಾಧಾರಣ ಹಬ್ ಹಾಕಿದರೂ ಮಾನಿಟರ್ ಕಪ್ಪಗೇ ಇರುತ್ತದೆ.

ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಕಿಂಡಿಯ ಪಕ್ಕ ಮಿಂಚಿನ ಗುರುತಿದ್ದು ಅದು ಥಂಡರ್‌ಬೋಲ್ಟ್ ಆಗಿದ್ದರೆ ಚಿಂತೆಯೇ ಇಲ್ಲ, ಚಿತ್ರ ಖಂಡಿತ ಬರುತ್ತದೆ. ಇಂಗ್ಲಿಷ್ ಡಿ ಮತ್ತು ಪಿ ಅಕ್ಷರ ಹೆಣೆದಂಥ ಗುರುತಿದ್ದರೂ ಸರಿ. ಆದರೆ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಯಾವ ಗುರುತೂ ಇರುವುದಿಲ್ಲ. ಆಗ ಅಡಿಯಲ್ಲಿ ಅಂಟಿಸಿರುವ ಚೀಟಿಯಿಂದ ಮಾಡೆಲ್ ನಂಬರು ಪೂರ್ತಿ ಬರೆದುಕೊಂಡು, ಕಂಪನಿಯ ಜಾಲತಾಣದಲ್ಲಿ ಆ ಮಾಡೆಲಿನ ವಿವರ ತೆಗೆದು, ಸಿ ಪೋರ್ಟ್ ಎದುರಿಗೆ ಡಿಸ್‌ಪ್ಲೇ ಪೋರ್ಟ್ ಅನ್ನುವ ಮಾತಿದೆಯೇ ಅಂತ ನೋಡಬೇಕು. ಹೆಸರು ಒಂದೇ ಇದ್ದು ಕೊನೆಯ ಎರಡು ಅಕ್ಷರ ಬೇರೆಯಾದರೂ ಒಳಗಿನ ಕಿಂಡಿ ಬೇರೆ ಇರಬಹುದು, ಹಾಗಾಗಿ ನಂಬರು ಪೂರ್ತಿ ಬೇಕು. ಇದಕ್ಕೆ ಹತ್ತು ನಿಮಿಷ ಸಾಕು. ಇವತ್ತು ನಾನು ಹೇಳಿದ್ದರಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ.

ವಯರಿಗೂ ಇದೇ ಮಾತು ಅನ್ವಯಿಸುತ್ತದೆ. ಮೊಬೈಲಿನ ಜೊತೆ ಬಂದ ಸಿ ವಯರು ನೋಡಲು ಡಾಕಿನ ವಯರಿನ ಹಾಗೇ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಚಾರ್ಜಿಗೂ ನಿಧಾನದ ಫೈಲಿಗೂ ಬೇಕಾದ ತಂತಿ ಮಾತ್ರ ಇರುತ್ತದೆ, ಚಿತ್ರಕ್ಕೆ ಬೇಕಾದದ್ದು ಇರುವುದಿಲ್ಲ. ಡಾಕಿನ ಜೊತೆ ಬಂದ ವಯರಿಗೆ ಒಂದು ಬಣ್ಣದ ದಾರ ಕಟ್ಟಿ. ಮಕ್ಕಳು ಫೋನ್ ಚಾರ್ಜಿಗೆ ಎತ್ತಿಕೊಂಡು ಹೋಗಿ, ಬದಲಿಗೆ ಬೇರೆಯದನ್ನು ತಂದಿಟ್ಟರೆ ಒಂದು ದಿನ ಪೂರ್ತಿ ಹಾಳು.

ಇನ್ನು ಡಾಕುಗಳ ಜಾತಿ. ಪೆಟ್ಟಿಗೆಯ ಮೇಲೆ ಹಬ್, ಡಾಕ್, ಡಾಕಿಂಗ್ ಸ್ಟೇಷನ್ ಅಂತ ಏನೇನೋ ಬರೆದಿರುತ್ತಾರೆ, ಹೆಸರಿಗೆ ಹೆಚ್ಚು ಅರ್ಥವಿಲ್ಲ. ಚಿತ್ರ ಯಾವ ದಾರಿಯಿಂದ ಬರುತ್ತದೆ ಅನ್ನುವುದರ ಮೇಲೆ ಮೂರು ಬಗೆ.

ಮೊದಲನೆಯದು ಲ್ಯಾಪ್‌ಟಾಪಿನ ಚಿತ್ರವನ್ನೇ ತೆಗೆದುಕೊಂಡು ಎರಡಾಗಿ ಹಂಚುವ ಸಾಧಾರಣ ಹಬ್. ಈ ಹಂಚಿಕೆಗೆ ಎಂಎಸ್‌ಟಿ ಅನ್ನುತ್ತಾರೆ, 2010ರ ಸುಮಾರಿಗೆ ಡಿಸ್‌ಪ್ಲೇ ಪೋರ್ಟ್ 1.2 ಜೊತೆ ಬಂದದ್ದು. ವಿಂಡೋಸ್ ಇದನ್ನು ಒಪ್ಪುತ್ತದೆ, ಎರಡು ಮಾನಿಟರಿನಲ್ಲಿ ಎರಡು ಬೇರೆ ಚಿತ್ರ ಕೊಡುತ್ತದೆ. ಮ್ಯಾಕ್ ಒಪ್ಪುವುದಿಲ್ಲ. ಮ್ಯಾಕಿಗೆ ಇಂಥ ಹಬ್ ಹಾಕಿದರೆ ಎರಡು ಮಾನಿಟರಿನಲ್ಲೂ ಒಂದೇ ಚಿತ್ರ. ಆ ಅನುವಾದಕಿಗೆ ಆದದ್ದು ಇದೇ. ಹಬ್‌ನಲ್ಲಿ ಎರಡು ಕಿಂಡಿ ಇರುವುದಕ್ಕೂ ಎರಡು ಬೇರೆ ಚಿತ್ರ ಬರುವುದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ವಿಂಡೋಸ್ ಲ್ಯಾಪ್‌ಟಾಪ್ ಇದ್ದು, ಸಿ ಕಿಂಡಿ ಚಿತ್ರ ಕಳಿಸುವುದಾದರೆ ಈ ಬಗೆಯೇ ಸಾಕು. ಕೆಲವು ಸಾವಿರದೊಳಗೆ ಮುಗಿಯುತ್ತದೆ.

ಎರಡನೆಯದು ಥಂಡರ್‌ಬೋಲ್ಟ್ ಡಾಕ್. ಸೆಕೆಂಡಿಗೆ 40 ಗಿಗಾಬಿಟ್ ಸಾಗಿಸುವ ಹೆದ್ದಾರಿ. 2020ರಲ್ಲಿ ಬಂದ ಥಂಡರ್‌ಬೋಲ್ಟ್ 4ರ ನಿಯಮದ ಪ್ರಕಾರ ಅದಿರುವ ಕಂಪ್ಯೂಟರು ಎರಡು 4ಕೆ ಮಾನಿಟರಿಗೆ ಚಿತ್ರ ಕೊಡಲೇಬೇಕು. ಒಳ್ಳೆಯ ಸರಕು, ಬೆಲೆಯೂ ಹಾಗೇ, ಇಪ್ಪತ್ತು ಸಾವಿರ ದಾಟುವುದು ಸಾಮಾನ್ಯ. ಆಫೀಸು ಕೊಟ್ಟರೆ ಇಟ್ಟುಕೊಳ್ಳಿ. ಎಕ್ಸೆಲ್ ಮತ್ತು ಬರವಣಿಗೆಗೆ ಸ್ವಂತ ದುಡ್ಡಿನಲ್ಲಿ ಕೊಳ್ಳುವುದು, ನನ್ನ ಅಭಿಪ್ರಾಯದಲ್ಲಿ, ಕೊತ್ತಂಬರಿ ತರಲು ಟೆಂಪೋ ಮಾಡಿದ ಹಾಗೆ.

ಮೂರನೆಯದು ಡಿಸ್‌ಪ್ಲೇಲಿಂಕ್ ಡಾಕ್. ಇದರ ದಾರಿಯೇ ಬೇರೆ. ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರ್ ಕೂತು, ಪರದೆಯ ಚಿತ್ರವನ್ನು ಒತ್ತಿ ಸಣ್ಣದು ಮಾಡಿ, ಮಾಮೂಲಿ ಫೈಲಿನ ಹಾಗೆ ಯುಎಸ್‌ಬಿಯಲ್ಲಿ ಕಳಿಸುತ್ತದೆ. ಡಾಕಿನೊಳಗಿನ ಚಿಪ್ ಅದನ್ನು ಬಿಚ್ಚಿ ಮಾನಿಟರಿಗೆ ಕೊಡುತ್ತದೆ. ಹಾಗಾಗಿ ಚಿತ್ರ ಕಳಿಸಲಾರದ ಸಿ ಕಿಂಡಿಗೂ, ಹಳೆಯ ಚೌಕದ ಯುಎಸ್‌ಬಿ-ಎ ಕಿಂಡಿಗೂ ಇದು ನಡೆಯುತ್ತದೆ. ಕೆಲಸದ ಬಹುಪಾಲು ಲ್ಯಾಪ್‌ಟಾಪಿನ ತಲೆಯ ಮೇಲೆ ಬೀಳುವುದರಿಂದ ಸಿನಿಮಾಕ್ಕೋ ಆಟಕ್ಕೋ ಅಷ್ಟು ಚೆನ್ನಾಗಿಲ್ಲ. ಅಕ್ಷರ, ಅಂಕಿ, ಮೀಟಿಂಗಿಗೆ ಏನೂ ತೊಂದರೆ ಕಾಣುವುದಿಲ್ಲ.

ಮ್ಯಾಕ್ ಇರುವವರು ಈಗ ಗಮನ ಕೊಡಿ. ಎಂ1 ಮತ್ತು ಎಂ2 ಚಿಪ್ಪಿನ ಮ್ಯಾಕ್‌ಬುಕ್ ಏರ್ ಹೊರಗಿನ ಒಂದೇ ಮಾನಿಟರಿಗೆ ಚಿತ್ರ ಕೊಡುತ್ತದೆ. ಇಪ್ಪತ್ತು ಸಾವಿರದ ಥಂಡರ್‌ಬೋಲ್ಟ್ ಡಾಕ್ ತಂದರೂ ಒಂದೇ, ಏಕೆಂದರೆ ಮಿತಿ ಇರುವುದು ಚಿಪ್ಪಿನಲ್ಲಿ. 2024ರಲ್ಲಿ ಬಂದ ಎಂ3 ಏರ್ ಎರಡಕ್ಕೆ ಕೊಡುತ್ತದೆ, ಆದರೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿರಬೇಕು. 2025ರ ಎಂ4 ಏರ್ ಮುಚ್ಚಳ ತೆರೆದಿದ್ದರೂ ಎರಡಕ್ಕೆ ಕೊಡುತ್ತದೆ. ಪ್ರೊ ಅಥವಾ ಮ್ಯಾಕ್ಸ್ ಅಂತ ಬಾಲವಿರುವ ಚಿಪ್ಪುಗಳಿಗೆ ಎರಡು ಮಾನಿಟರ್ ಮೊದಲಿನಿಂದಲೂ ಸಾಧ್ಯ. ಎಡಗಡೆ ಮೇಲಿನ ಸೇಬಿನ ಗುರುತು ಒತ್ತಿ ಮೊದಲ ಸಾಲು ತೆರೆದರೆ ನಿಮ್ಮದು ಯಾವ ಚಿಪ್ಪು ಅಂತ ಬರೆದಿರುತ್ತದೆ. ಎಂ1, ಎಂ2 ಏರ್ ಇದ್ದು ಎರಡು ಮಾನಿಟರ್ ಬೇಕೇಬೇಕು ಅನ್ನುವವರಿಗೆ ಡಿಸ್‌ಪ್ಲೇಲಿಂಕ್ ಒಂದೇ ಸಲೀಸಾದ ದಾರಿ. ಅದರ ಸಾಫ್ಟ್‌ವೇರನ್ನು ನೀವೇ ಹಾಕಿಕೊಳ್ಳಬೇಕು. ಹಾಕುವಾಗ “ಪರದೆಯನ್ನು ರೆಕಾರ್ಡ್ ಮಾಡಲು ಅನುಮತಿ ಕೊಡಿ” ಅಂತ ಮ್ಯಾಕ್ ಕೇಳುತ್ತದೆ. ಆ ಮಾತು ಓದಿ ಹೆದರಿ ಬೇಡ ಅಂದುಬಿಡುವವರಿದ್ದಾರೆ. ಚಿತ್ರವನ್ನು ಹಿಡಿದು ವಯರಿನಲ್ಲಿ ಕಳಿಸಬೇಕಾದ್ದರಿಂದ ಆ ಅನುಮತಿ ಅದಕ್ಕೆ ಬೇಕು. ಸಾಫ್ಟ್‌ವೇರನ್ನು ಡಿಸ್‌ಪ್ಲೇಲಿಂಕ್‌ನ ಸ್ವಂತ ಜಾಲತಾಣದಿಂದಲೇ ಇಳಿಸಿಕೊಂಡಿರಬೇಕು, ಅಷ್ಟೇ. ಅದು ಓಡುತ್ತಿರುವಾಗ ನೆಟ್‌ಫ್ಲಿಕ್ಸಿನಂಥ ಕಡೆ ಸಿನಿಮಾ ಕಪ್ಪಾಗಿ ಕಾಣಬಹುದು, ನಕಲು ತಡೆಯುವ ಬೀಗ ಅದು. ಡಾಕ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಆಫೀಸಿನ ಲ್ಯಾಪ್‌ಟಾಪ್ ಇರುವವರು ಡಿಸ್‌ಪ್ಲೇಲಿಂಕ್ ಕೊಳ್ಳುವ ಮೊದಲು ಆಫೀಸಿನ ಐಟಿಯವರನ್ನು ಒಂದು ಮಾತು ಕೇಳಿ. ಹೊರಗಿನ ಸಾಫ್ಟ್‌ವೇರ್ ಹಾಕಲು ಬಹಳ ಕಂಪನಿಗಳು ಬಿಡುವುದಿಲ್ಲ. ಕೇಳುವಾಗಲೇ “ಮನೆಯಿಂದ ಕೆಲಸಕ್ಕೆ ಡಾಕ್ ಕೊಡುತ್ತೀರಾ” ಅಂತಲೂ ಕೇಳಿ. ಗಂಡಸರು ಕೇಳಿ ತೆಗೆದುಕೊಳ್ಳುತ್ತಾರೆ. ಆಫೀಸುಗಳ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡಿದವಳಾಗಿ ಇದನ್ನು ಹೇಳುತ್ತಿದ್ದೇನೆ. ನಮ್ಮ ಹೆಣ್ಣುಮಕ್ಕಳು ಮಾತ್ರ ಕೇಳಲು ಸಂಕೋಚ ಪಟ್ಟುಕೊಂಡು ಕತ್ತಿಗೆ ಪಟ್ಟಿ ಹಾಕಿಕೊಂಡು ಬರುತ್ತಾರೆ.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಲೇಬೇಕು, ಭಯಪಡಬೇಡಿ. ಸಿ ಕಿಂಡಿಯೊಳಗೆ ವೇಗದ ಹಳಿ ನಾಲ್ಕು ಇವೆ. ಲೋಕಲ್ ಟ್ರೇನಿನ ಸ್ಲೋ ಎರಡು, ಫಾಸ್ಟ್ ಎರಡು ಅಂತ ನೆನೆದುಕೊಳ್ಳಿ. ಹೆಚ್ಚಿನ ಹಬ್‌ಗಳು ಎರಡು ಹಳಿಯನ್ನು ಚಿತ್ರಕ್ಕೆ, ಎರಡನ್ನು ಪೆನ್‌ಡ್ರೈವ್, ಇಂಟರ್ನೆಟ್ಟು ಮುಂತಾದವಕ್ಕೆ ಬಿಡುತ್ತವೆ. ಫುಲ್ ಎಚ್‌ಡಿ ಮಾನಿಟರಿನಲ್ಲಿ, ಅಂದರೆ 1920 ಅಡ್ಡ 1080 ಉದ್ದ ಚುಕ್ಕೆಗಳಿರುವುದರಲ್ಲಿ, ಸೆಕೆಂಡಿಗೆ 60 ಸಲ ಚಿತ್ರ ಬದಲಿಸಲು ಸುಮಾರು 3 ಗಿಗಾಬಿಟ್ ಬೇಕು. 4ಕೆ ಮಾನಿಟರಿನಲ್ಲಿ ಚುಕ್ಕೆ ನಾಲ್ಕು ಪಟ್ಟು, ಹಾಗಾಗಿ ಸುಮಾರು 12. ಡಿಸ್‌ಪ್ಲೇ ಪೋರ್ಟ್ 1.2ರ ಎರಡು ಹಳಿಯ ಮೇಲೆ ಹೋಗುವುದು ಎಂಟೂವರೆ ಗಿಗಾಬಿಟ್ ಚಿಲ್ಲರೆ. ಎರಡು ಫುಲ್ ಎಚ್‌ಡಿ ಆರಾಮಾಗಿ ಹೋಗುತ್ತವೆ, ಒಂದು 4ಕೆ ಪೂರ್ತಿ ವೇಗದಲ್ಲಿ ಹೋಗುವುದಿಲ್ಲ. ಆಗ ಹಬ್ ವೇಗವನ್ನು 30ಕ್ಕೆ ಇಳಿಸುತ್ತದೆ. ಪೆಟ್ಟಿಗೆಯ ಮೇಲೆ “4ಕೆ” ಅಂತ ದೊಡ್ಡದಾಗಿಯೂ “30 ಹರ್ಟ್ಸ್” ಅಂತ ಇರುವೆಯಂತೆ ಚಿಕ್ಕದಾಗಿಯೂ ಬರೆದಿರುವುದು ಇದಕ್ಕೇ. 30ರಲ್ಲಿ ಮೌಸ್ ಬಾಣ ಎಳೆದಂತೆ ಬರುತ್ತದೆ, ಪುಟ ಸರಿಸುವಾಗ ಅಕ್ಷರ ಮಸುಕಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ತಲೆ ಭಾರ. ಹೊಸ ಲ್ಯಾಪ್‌ಟಾಪುಗಳಲ್ಲಿ ಹಳಿಗಳ ವೇಗ ಹೆಚ್ಚಿದೆ, ಆದರೂ ಕೊಳ್ಳುವಾಗ 60 ಅನ್ನುವ ಅಂಕಿ ಕಣ್ಣಾರೆ ನೋಡಿ.

ನನ್ನನ್ನು ಕೇಳಿದರೆ ನಮ್ಮ ಕೆಲಸಕ್ಕೆ 22 ಅಥವಾ 24 ಇಂಚಿನ ಎರಡು ಫುಲ್ ಎಚ್‌ಡಿ ಮಾನಿಟರ್ ಧಾರಾಳ ಸಾಕು. ಆಫೀಸುಗಳಿಂದ ಹೊರಬಿದ್ದ ಹಳೆಯ ಮಾನಿಟರ್‌ಗಳೂ ಕಡಿಮೆ ಬೆಲೆಗೆ ಸಿಗುತ್ತವೆ. ಕೊಳ್ಳುವ ಮೊದಲು ಹಿಂದೆ ನೋಡಿ. ಬರೀ ನೀಲಿ ಬಣ್ಣದ, 15 ಸೂಜಿಯ ವಿಜಿಎ ಮಾತ್ರ ಇದ್ದರೆ ಇನ್ನೊಂದು ಪರಿವರ್ತಕ ಕೊಳ್ಳಬೇಕಾಗುತ್ತದೆ, ಅಕ್ಷರವೂ ಅಷ್ಟು ಚೂಪಾಗಿ ಬರುವುದಿಲ್ಲ. ಎಚ್‌ಡಿಎಂಐ ಇರುವುದನ್ನೇ ಆರಿಸಿ.

ಕರೆಂಟಿನ ವಿಷಯ ಚಿಕ್ಕದಾಗಿ. ಕಿರುಬೆರಳುದ್ದದ ಹಬ್‌ಗೆ ಸ್ವಂತ ಕರೆಂಟು ಇರುವುದಿಲ್ಲ, ಲ್ಯಾಪ್‌ಟಾಪಿನಿಂದಲೇ ಹೀರುತ್ತದೆ. ಎರಡು ಮಾನಿಟರ್, ಒಂದು ಹಾರ್ಡ್‌ಡಿಸ್ಕ್ ಹಾಕಿದರೆ ಆಗಾಗ ಪರದೆ ಕಪ್ಪಾಗಿ ಮತ್ತೆ ಬರುವುದುಂಟು. ಹಬ್‌ಗೆ ಚಾರ್ಜರ್ ಸಿಕ್ಕಿಸುವ ಕಿಂಡಿ ಇದ್ದರೆ ಸಿಕ್ಕಿಸಿಯೇ ಕೆಲಸ ಮಾಡಿ. ಆ ಹಾದಿಯಲ್ಲಿ ಹಬ್ ತನಗೆ ಅಂತ ಹತ್ತು ಹದಿನೈದು ವ್ಯಾಟ್ ಇಟ್ಟುಕೊಳ್ಳುತ್ತದೆ. ನಿಮ್ಮ ಚಾರ್ಜರು 65 ವ್ಯಾಟಿನದಾದರೆ ಲ್ಯಾಪ್‌ಟಾಪಿಗೆ 50ರ ಆಸುಪಾಸು ಸಿಗುತ್ತದೆ, ಬರವಣಿಗೆ ಕೆಲಸಕ್ಕೆ ಸಾಕು. ದುಂಡು ಪಿನ್ನಿನ ಚಾರ್ಜರ್ ಇರುವ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು ಡಾಕಿನಿಂದ ಚಾರ್ಜ್ ಆಗುವುದಿಲ್ಲ. ಅವರಿಗೆ ಒಂದು ವಯರಿನ ಬದಲು ಎರಡು, ಅಷ್ಟರಮಟ್ಟಿಗೆ ಒಪ್ಪಿಕೊಳ್ಳಬೇಕು.

ಎಲ್ಲ ತಂದಾಯಿತು ಅನ್ನಿ. ಮೊದಲು ಮಾನಿಟರುಗಳನ್ನು ಡಾಕಿಗೆ ಸಿಕ್ಕಿಸಿ, ಡಾಕಿಗೆ ಕರೆಂಟು ಕೊಡಿ, ಕೊನೆಗೆ ಲ್ಯಾಪ್‌ಟಾಪಿಗೆ ವಯರು. ಮಾನಿಟರ್ ಎಚ್ಚರವಾಗದಿದ್ದರೆ ಅದರ ಗುಂಡಿ ಒತ್ತಿ ಎಚ್‌ಡಿಎಂಐ ಆರಿಸಿದ್ದೀರಾ ನೋಡಿ, ಎಷ್ಟೋ ಸಲ ತೊಂದರೆ ಅಷ್ಟೇ ಇರುತ್ತದೆ. ಆದರೂ ಬರದಿದ್ದರೆ ಡಾಕಿನ ಕರೆಂಟು ಕಿತ್ತು ಅರ್ಧ ನಿಮಿಷ ಬಿಟ್ಟು ಮತ್ತೆ ಕೊಡಿ. ವಿಂಡೋಸಿನಲ್ಲಿ ವಿಂಡೋಸ್ ಗುಂಡಿಯ ಜೊತೆ ಪಿ ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ. ಡುಪ್ಲಿಕೇಟ್ ಅಂದರೆ ಎಲ್ಲದರಲ್ಲೂ ಒಂದೇ ಚಿತ್ರ, ನಮಗೆ ಬೇಕಾದದ್ದು ಎಕ್ಸ್‌ಟೆಂಡ್. ಆಮೇಲೆ ಖಾಲಿ ಪರದೆಯ ಮೇಲೆ ಬಲಗುಂಡಿ ಒತ್ತಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದರೆ 1, 2, 3 ಅಂತ ಚೌಕಗಳು ಕಾಣುತ್ತವೆ. ಮೇಜಿನ ಮೇಲೆ ಎಡಗಡೆ ಇರುವ ಮಾನಿಟರನ್ನು ಅಲ್ಲೂ ಎಡಗಡೆಗೆ ಎಳೆದಿಡಿ. ಇದನ್ನು ಮಾಡದೆ ಇರುವವರೇ “ಮೌಸು ಎಲ್ಲೋ ಕಳೆದುಹೋಗತ್ತೆ” ಅಂತ ದೂರುವುದು. ತೆರೆದಿರುವ ಕಿಟಕಿಯನ್ನು ಒಂದು ಮಾನಿಟರಿನಿಂದ ಇನ್ನೊಂದಕ್ಕೆ ಹಾರಿಸಲು ವಿಂಡೋಸ್, ಶಿಫ್ಟ್ ಎರಡನ್ನೂ ಹಿಡಿದು ಬಾಣದ ಗುಂಡಿ ಒತ್ತಿ. ಸಾಮಾನ್ಯ ವಿಂಡೋಸ್ ಲ್ಯಾಪ್‌ಟಾಪು ತನ್ನ ಪರದೆಯೂ ಸೇರಿ ಒಟ್ಟು ಮೂರೋ ನಾಲ್ಕೋ ಪರದೆ ನಡೆಸುತ್ತದೆ, ಅದಕ್ಕಿಂತ ಹೆಚ್ಚು ನಮಗೆ ಬೇಕಾಗಿಯೂ ಇಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಜಾಗ ಉಳಿಸಬೇಕಾದರೆ ಪವರ್ ಆಪ್ಷನ್ಸ್‌ನಲ್ಲಿ “ಮುಚ್ಚಳ ಮುಚ್ಚಿದಾಗ” ಅನ್ನುವಲ್ಲಿ ಏನೂ ಮಾಡಬೇಡ ಅಂತ ಆರಿಸಿ. ಇಲ್ಲದಿದ್ದರೆ ಮುಚ್ಚಿದ ಕೂಡಲೇ ಎಲ್ಲವೂ ಮಲಗಿಬಿಡುತ್ತದೆ.

ಕತ್ತಿನ ವಿಷಯಕ್ಕೆ ಬರುತ್ತೇನೆ. ಮಾನಿಟರ್ ನಿಮ್ಮಿಂದ ಚಾಚಿದ ಕೈಯಷ್ಟು ದೂರ ಇರಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ. ಆದರೆ ನಲವತ್ತೈದು ದಾಟಿ ಎರಡು ಪವರಿನ ಕನ್ನಡಕ ಅಥವಾ ಪ್ರೊಗ್ರೆಸಿವ್ ಹಾಕಿಕೊಂಡಿರುವ ನಮ್ಮಂಥವರಿಗೆ ಈ ಅಳತೆ ಸರಿಹೋಗುವುದಿಲ್ಲ. ನಾವು ಗಾಜಿನ ಕೆಳಭಾಗದಿಂದ ಓದುವವರು, ಮಾನಿಟರ್ ಎತ್ತರವಾದರೆ ಗದ್ದ ಮೇಲೆತ್ತಿ ಓದುತ್ತೇವೆ, ಸಂಜೆಗೆ ಕತ್ತಿನ ಹಿಂದೆ ಹಿಡಿದುಕೊಳ್ಳುತ್ತದೆ. ನಮ್ಮ ಮಾನಿಟರ್ ಇನ್ನೂ ಕೆಳಗಿರಲಿ, ಸ್ವಲ್ಪ ಹಿಂದಕ್ಕೆ ವಾಲಿರಲಿ. ಹೆಚ್ಚು ಕೆಲಸ ಮಾಡುವ ಮಾನಿಟರ್ ಮೂಗಿನ ನೇರಕ್ಕೆ, ಇನ್ನೊಂದು ಪಕ್ಕಕ್ಕೆ ಒಳಮುಖವಾಗಿ. ಎರಡನ್ನೂ ಸಮಸಮ ಬಳಸುವುದಾದರೆ ಎರಡೂ ಕೂಡುವ ಗೆರೆ ಮೂಗಿನ ನೇರಕ್ಕೆ ಬರಲಿ. ಇಡೀ ದಿನ ಒಂದೇ ಕಡೆಗೆ ತಿರುಗಿ ಕೂರುವುದು ಒಂದು ಪರದೆಗೆ ಬಗ್ಗಿ ಕೂರುವುದಕ್ಕಿಂತ ಕೆಟ್ಟದ್ದು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ್ದನ್ನು ಇಪ್ಪತ್ತು ಸೆಕೆಂಡು ನೋಡಿ ಅಂತ ಕಣ್ಣಿನ ಡಾಕ್ಟರುಗಳು ಹೇಳುತ್ತಾರೆ. ನಮ್ಮ ಫ್ಲಾಟುಗಳಲ್ಲಿ ಇಪ್ಪತ್ತು ಅಡಿ ಅಂದರೆ ಎದುರಿನ ಕಟ್ಟಡದ ಅಡುಗೆಮನೆ. ಪರವಾಗಿಲ್ಲ, ಅವರೂ ನಮ್ಮನ್ನು ನೋಡಲಿ.

ಕೊಳ್ಳುವುದು ಎಲ್ಲಿ ಅಂತ ಕೇಳುತ್ತೀರಿ. ಮುಂಬಯಿಯವರಿಗೆ ಗ್ರಾಂಟ್ ರೋಡಿನ ಹತ್ತಿರದ ಲ್ಯಾಮಿಂಗ್ಟನ್ ರೋಡ್, ದೆಹಲಿಯವರಿಗೆ ನೆಹರೂ ಪ್ಲೇಸ್, ಚೆನ್ನೈಯವರಿಗೆ ರಿಚ್ಚಿ ಸ್ಟ್ರೀಟ್, ಹೈದರಾಬಾದಿನವರಿಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರೋಡ್ ಇದ್ದೇ ಇದೆ. ಇಂಥ ಕಡೆ ಹೋಗುವಾಗ ನಿಮ್ಮ ಲ್ಯಾಪ್‌ಟಾಪನ್ನೇ ಹೊತ್ತುಕೊಂಡು ಹೋಗಿ. “ಎರಡು ಮಾನಿಟರಿಗೆ ಹಾಕಿ, ಬೇರೆ ಬೇರೆ ಚಿತ್ರ ಬರುವುದನ್ನು ತೋರಿಸಿ, ಆಮೇಲೆ ದುಡ್ಡು” ಅನ್ನಿ. ತೋರಿಸಲು ಒಪ್ಪದ ಅಂಗಡಿಯ ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತದೆ. ಆನ್‌ಲೈನಿನಲ್ಲಿ ತರಿಸುವವರು ವಾಪಸಾತಿ ಎಷ್ಟು ದಿನ, ದುಡ್ಡು ವಾಪಸೋ ಬರೀ ಬದಲಿ ಸರಕೋ ಅನ್ನುವುದನ್ನು ಮೊದಲು ಓದಿ. ಬಂದ ದಿನವೇ ಎರಡು ಮಾನಿಟರನ್ನೂ ಹಾಕಿ ನೋಡಿ. ಹಬ್ಬ ಮುಗಿಯಲಿ ಅಂತ ಪೆಟ್ಟಿಗೆ ತೆರೆಯದೆ ಇಟ್ಟರೆ ವಾಪಸಾತಿಯ ದಿನ ಮುಗಿದಿರುತ್ತದೆ.

ಆ ಅನುವಾದಕಿಯ ಕತೆ ಪೂರ್ತಿ ಹೇಳಲಿಲ್ಲ. ಡಿಸ್‌ಪ್ಲೇಲಿಂಕ್ ಡಾಕ್ ಹತ್ತು ಸಾವಿರದ ಸುಮಾರು ಆಗುತ್ತದೆ ಅಂದೆ. ಮನೆಯಲ್ಲಿ ಕೇಳಲಿಲ್ಲ ಅವರು, ಒಂದು ಪುಸ್ತಕದ ಅನುವಾದದ ಹಣ ಬಂದಾಗ ತಾವೇ ತಂದರು. ಮಾನಿಟರ್ ಮಾತ್ರ ತಂಗಿಯ ಮನೆಯಿಂದ ವಾಪಸು ಬಂದಿಲ್ಲ, ಅಲ್ಲಿ ಮಕ್ಕಳು ಕಾರ್ಟೂನ್ ನೋಡುತ್ತಿದ್ದಾರಂತೆ. ಇನ್ನೊಂದು ಹಳೆಯದನ್ನು ಹುಡುಕುತ್ತಿದ್ದಾರೆ. ಎಚ್‌ಡಿಎಂಐ ಇರುವಂಥದು ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಸುಮ್ಮನೆ ಕೂತಿದ್ದರೆ ನನಗೆ ಹೇಳಿ.

ಈಗ ಲ್ಯಾಪ್‌ಟಾಪ್ ತಂದಿರುವವರು ಮುಂದೆ ಬನ್ನಿ. ನನ್ನ ಚೀಲದಲ್ಲಿ ಒಂದು ಹಬ್ ಇದೆ, ಸಭಾಂಗಣದ ಪ್ರೊಜೆಕ್ಟರ್ ಇಲ್ಲೇ ಇದೆ. ನಿಮ್ಮ ಸಿ ಕಿಂಡಿ ಚಿತ್ರ ಕಳಿಸುತ್ತದೋ ಇಲ್ಲವೋ ಒಬ್ಬೊಬ್ಬರದಾಗಿ ಸಿಕ್ಕಿಸಿ ನೋಡಿಬಿಡೋಣ. ಚಹಾ ಬರುವುದಕ್ಕೆ ಇನ್ನೂ ಕಾಲು ಗಂಟೆ ಇದೆಯಂತೆ.